ಗುಳಿಗೆಗೆ ಅಡ್ಡವಾದ ಹಾಲು

ಉಣ್ಣಿಸಿದರೆ ಹೋಗದ ರೋಗವೇ ಇಲ್ಲವೆಂದು ನಂಬಿದ ಹೆಂಗಸರಲ್ಲಿ ನಾನೂ ಒಬ್ಬಳು. ನೆಗಡಿಗೆ ಒಂದು ಅಡುಗೆ, ಬೇಸರಕ್ಕೆ ಇನ್ನೊಂದು. ತಾಟು ಖಾಲಿಯಾದರೆ ನನಗೆ ಸಮಾಧಾನ. ಉಂಡವರಿಗೂ ಸಮಾಧಾನವಾಯಿತೇ ಎಂದು ಕೇಳುವ ರೂಢಿ ನನಗಿಲ್ಲ. ಇಂಥವಳ ಕೈಗೆ ರೋಗಿಯೊಬ್ಬ ಸಿಕ್ಕರೆ ಏನಾಗಬೇಕೋ ನಮ್ಮನೆಯವರಿಗೂ ಅದೇ ಆಯಿತು.

ನಮ್ಮನೆಯವರದು ಚಂದಾಪುರದಲ್ಲಿ ಬಳೆಯಂಗಡಿ. ಚಿಂಚೋಳಿ ಸುತ್ತಲಿನ ಹೆಣ್ಣುಮಕ್ಕಳ ಮುಖ ಅವರಿಗೆ ನೆನಪಿರುತ್ತಿತ್ತೋ ಇಲ್ಲವೋ, ಕೈ ಮಾತ್ರ ನೆನಪಿರುತ್ತಿತ್ತು. ಎಂಥ ಬಿರುಸು ಕೈಯನ್ನೂ ಮೆತ್ತಗೆ ಒತ್ತಿ, ಅದೂ ಇದೂ ಮಾತಾಡಿಸುತ್ತ, ನೋವು ತಿಳಿಯುವುದರೊಳಗೆ ಬಳೆಯನ್ನು ಮಣಿಕಟ್ಟಿಗೆ ದಾಟಿಸಿಬಿಡುವರು. ಆ ಕೈಗೇ ನಡುಕ ಬಂತು. ಆಮೇಲೆ ಬೆರಳು ಬಿಗಿದವು, ಹೆಜ್ಜೆ ಸಣ್ಣದಾಯಿತು, ಮುಖದ ಮೇಲೆ ನಗು ಮೂಡುವುದೂ ಕಷ್ಟವಾಯಿತು. ಗುಲಬರ್ಗಾದ ಡಾಕ್ಟರು ಪಾರ್ಕಿನ್ಸನ್ ಎಂದು ರೋಗದ ಹೆಸರು ಹೇಳಿ ಗುಳಿಗೆ ಕೊಟ್ಟರು. ಊಟಕ್ಕೆ ಮೊದಲು ನುಂಗಬೇಕೆಂದೂ ಏನೋ ಅಂದಿದ್ದರು. ಊಟದ ವಿಷಯದಲ್ಲಿ ನಾನು ಡಾಕ್ಟರ ಮಾತು ಕೇಳುವುದುಂಟೇ?

ಇಂಗ್ಲಿಷ್ ಗುಳಿಗೆ ಉಷ್ಣವೆಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಉಷ್ಣಕ್ಕೆ ಹಾಲೇ ಮದ್ದು. ಪಕ್ಕದ ಮನೆಯ ನೀಲಮ್ಮನ ಎಮ್ಮೆಯ ಹಾಲನ್ನು ಕೆನೆ ಸಮೇತ ಲೋಟ ತುಂಬಿ, ಗುಳಿಗೆಯನ್ನು ಅದರೊಂದಿಗೇ ನುಂಗಿಸುತ್ತಿದ್ದೆ. ಮೇಲೆ ರೊಟ್ಟಿ ಮುಳುಗುವಷ್ಟು ತೊಗರಿ ಬೇಳೆ. ಮೊದಮೊದಲು ಗುಳಿಗೆ ಒಂದಿಷ್ಟು ಹಿಡಿದಂತೆ ಕಂಡಿತು. ಹುರುಪಾಗಿ ಹಾಲು ಹೆಚ್ಚಿಸಿದೆ. ಕೈ ಮತ್ತೆ ನಡುಗಿತು. ಶಕ್ತಿ ಸಾಲದೆಂದು ಬೇಳೆಯನ್ನೂ ಹೆಚ್ಚಿಸಿದೆ. ಪಾಪ, ಇವರು ತುಟಿಪಿಟಕ್ಕೆನ್ನದೆ ಉಂಡರು.

ಆ ಹೊತ್ತಿಗೆ ನೀಲಮ್ಮನ ಮಗಳು ಶಾಂತಾ ಚೊಚ್ಚಲ ಬಸುರಿ. ಕುಬಸದ ದಿನ, ಅಂದರೆ ಸೀಮಂತದಲ್ಲಿ, ಬಸುರಿಗೆ ಹಸಿರು ಬಳೆ ಇಡಿಸಬೇಕು. ತೊಟ್ಟಿಲ ಕೂಸಿನ ಕರಿಬಳೆಯಿಂದ ಮದುವೆಯ ಬಳೆಯತನಕ ಆ ಹುಡುಗಿಗೆ ಇಟ್ಟವರು ನಮ್ಮನೆಯವರೇ. ನೀಲಮ್ಮ ಬಾಗಿಲಲ್ಲೇ ನಿಂತು, "ವೈನಿ, ಮನಸ್ಸಿಗಿ ಹಚ್ಕೋಬ್ಯಾಡ್ರಿ. ಕುಬಸದಾಗ ಬಳಿ ಒಡದ್ರ ಛಲೋ ಅಲ್ಲಂತಾರ. ಬ್ಯಾರೆದವರಿಗಿ ಹೇಳ್ಬೇಕಂತ ಮಾಡೀವಿ," ಎಂದಳು.

ಒಳಗೆ ಕೂತಿದ್ದ ಇವರು, "ಖರೆ ಅದ ತಂಗಿ, ಹಂಗೇ ಮಾಡ್ರಿ," ಎಂದರು. ಆಕೆ ಹೋದ ಮೇಲೆ ಬಳೆ ಪೋಣಿಸಿದ ಮಲಾರವನ್ನು ತೋರಿಸಿ, "ಇದನ್ನ ಅಟ್ಟದ ಮ್ಯಾಲ ಇಟ್ಟುಬಿಡು," ಎಂದರು. ಅಟ್ಟವೇರಿ ಇಟ್ಟುಬಂದೆ.

ಮರುದಿನವೇ ಇವರನ್ನು ಗುಲಬರ್ಗಾ ಬಸ್ಸಿಗೆ ಹತ್ತಿಸಿದೆ. "ಎಂಥಾ ಗುಳಿಗಿ ಕೊಟ್ಟೀರಿ ಸಾಹೇಬ್ರ? ನಾ ಹಾಲು, ಬ್ಯಾಳಿ ಹಾಕಲಿಕ್ಕತ್ತೀನಿ ಅಂತ ಇವ್ರು ಇಷ್ಟರೆ ಅಡ್ಡಾಡ್ತಾರ!" ಎಂದು ಡಾಕ್ಟರ ಮೇಲೆ ಜಗಳಕ್ಕೇ ಬಿದ್ದೆ.

"ಕುಂದ್ರಿ ಅವ್ವಾ. ಗುಳಿಗೀನ ಹಾಲಿನ ಜೋಡಿ ಕೊಡ್ತೀರೇನು?"

"ಮತ್ತ? ಬರೀ ನೀರಿನ ಜೋಡಿ ಕೊಡಲಿಕ್ಕಿ ನಾವೇನು ಗತಿಗೆಟ್ಟವ್ರೇನ್ರಿ?"

ಡಾಕ್ಟರು ಸಿಟ್ಟಾಗಲಿಲ್ಲ. "ಹಾಲು, ಬ್ಯಾಳಿ ಒಳಗಿನ ಪ್ರೋಟೀನು ಹೊಟ್ಟ್ಯಾಗ ಕರಗಿ ಅಮೈನೋ ಆಮ್ಲ ಆಗಿ ರಕ್ತಕ್ಕ ಸೇರ್ತದ. ಈ ಗುಳಿಗೀನೂ ಒಂದು ಅಮೈನೋ ಆಮ್ಲನೇ. ಆದ್ರ ರಕ್ತದಾಗಿಂದ ಮೆದುಳಿಗಿ ಸುಮ್ನ ನುಗ್ಗಲಿಕ್ಕಿ ಬರಂಗಿಲ್ಲ, ಅಲ್ಲಿ ಕಾವಲದ. ಕೈ ಹಿಡಿದು ದಾಟಸವ್ರು ಇರ್ತಾರ, ಅವರೂ ಸ್ವಲ್ಪೇ ಮಂದಿ. ನಿಮ್ಮ ಹಾಲು-ಬ್ಯಾಳಿದೇ ಅಲ್ಲಿ ಗದ್ದಲ ಆದ್ರ ಗುಳಿಗಿ ಹೊರಗೇ ನಿಂದರ್ತದ," ಎಂದರು.

ನಾನು ಕಣ್ಣು ಕಣ್ಣು ಬಿಟ್ಟೆ. ಇವರೇ ಬಾಯಿಬಿಟ್ಟರು: "ಸಂತಿ ದಿನ ನಾ ಒಬ್ಬಾಂವ, ಕೈ ಚಾಚಿದವ್ರು ಭಾಳ ಮಂದಿ. ಗದ್ದಲದಾಗ ಹಿಂದ ನಿಂತ ಹುಡುಗಿ ಬಳಿ ಇಡಸ್ಕೊಳ್ಳದೇ ಮನಿಗಿ ಹೋಗ್ತಾಳ. ಹಂಗ." ಡಾಕ್ಟರು ಮೇಜು ತಟ್ಟಿ ನಕ್ಕರು. ನನಗೆ ಅಳು ಬಂತು. ಅಷ್ಟು ಅಕ್ಕರೆಯಿಂದ ಕಾಯಿಸಿದ ಹಾಲು!

ಅಂದಿನಿಂದ ಗುಳಿಗೆ ಬರೀ ನೀರಿನೊಂದಿಗೆ, ಊಟಕ್ಕೆ ಸಾಕಷ್ಟು ಮೊದಲು. ಹಗಲು ರೊಟ್ಟಿ, ಪುಂಡಿಪಲ್ಯ. ಹಾಲು, ಬೇಳೆಯೆಲ್ಲ ಸಂಜೆಯ ಊಟಕ್ಕೆ. ಇವರೇನೋ ಆರಾಮಾಗಿದ್ದರು, ಪಥ್ಯ ನನಗೇ ಕಠಿಣವಾಯಿತು. ರೋಗ ಹೋಗಲಿಲ್ಲ, ಹೋಗುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಗುಳಿಗೆ ಹಿಡಿದ ಹೊತ್ತಿನಲ್ಲಿ ಬೆರಳು ಸಡಿಲವಾಗುತ್ತಿದ್ದವು. ಒಂದು ಬೆಳಿಗ್ಗೆ ಮಲಾರ ಕೆಳಗಿಳಿಸಿ, ನೀಲಮ್ಮನನ್ನು ಕರೆದು ಇವರ ಮುಂದೆ ಕೂರಿಸಿದೆ. "ಮೊದಲ ನಿನ್ನ ಕೈಗಿ ಇಡಸ್ಕೊ. ಒಡದ್ರ ಬ್ಯಾರೆದವರಿಗಿ ಹೇಳು." ಆಕೆ ಕಣ್ಣು ಮುಚ್ಚಿ ಕೈ ಕೊಟ್ಟಳು. ಕಣ್ಣು ಬಿಟ್ಟಾಗ ಬಳೆ ಮಣಿಕಟ್ಟಿನಲ್ಲಿತ್ತು.

ಕುಬಸದ ದಿನ ಶಾಂತಾಳ ಎರಡೂ ಕೈಗೆ ಹಸಿರು ಬಳೆ ತುಂಬಿತು, ಒಂದೂ ಒಡೆಯಲಿಲ್ಲ. ನೆರೆದ ಮುತ್ತೈದೆಯರ ಸರದಿ ಇನ್ನೂ ಬಾಕಿಯಿತ್ತು. ಅದಕ್ಕೆಂದೇ ಇವರು ಮುಂದಿನ ಗುಳಿಗೆಯನ್ನು ಆಗಷ್ಟೇ ನುಂಗಿದ್ದರು. ನೀಲಮ್ಮ ಸಂತೋಷ ತಡೆಯಲಾರದೆ ಕೇಸರಿ ಹಾಕಿದ ಹಾಲನ್ನು ದೊಡ್ಡ ಲೋಟದಲ್ಲಿ ತಂದು, "ದಣಿದೀರಿ ಅಣ್ಣಾ, ಕುಡೀರಿ," ಎಂದು ಇವರ ಮುಂದೆ ಹಿಡಿದಳು. ಶುಭಕಾರ್ಯದಲ್ಲಿ ಕೊಟ್ಟ ಹಾಲನ್ನು ಒಲ್ಲೆನ್ನುವಂತಿಲ್ಲ. ಇವರು ಕೈ ಚಾಚಿಯೂ ಆಗಿತ್ತು. ತುಂಬಿದ ಮನೆಯಲ್ಲಿ ರಕ್ತ, ಕಾವಲು, ಅಮೈನೋ ಆಮ್ಲ ಎಂದು ಯಾರಿಗೆ ವಿವರಿಸಲಿ? ಲೋಟ ಕಸಿದು ನಾನೇ ಗಟಗಟನೆ ಕುಡಿದುಬಿಟ್ಟೆ. ಬಾಯಿ ಸುಟ್ಟಿತು.

"ಅವ್ವಯ್ಯ! ಗಂಡನ ಬಾಯಾಗಿಂದ ಹಾಲು ಕಸ್ಕೊಂಡಳಲ್ಲ!" ಎಂದು ಯಾರೋ ಗಲ್ಲಕ್ಕೆ ಕೈ ಹಚ್ಚಿದರು. ಉಣ್ಣಿಸುವುದರಲ್ಲಿ ಹೆಸರು ಮಾಡಬೇಕೆಂದಿದ್ದ ನನ್ನನ್ನು ಚಂದಾಪುರದ ಹೆಂಗಸರು ಇಂದಿಗೂ 'ಹಾಲು ಕಸ್ಕೊಂಡಾಕಿ' ಎಂದೇ ಗುರುತಿಸುತ್ತಾರೆ.

ಎಲ್ಲರ ಸರದಿ ಮುಗಿದ ಮೇಲೆ ಇವರು ನನ್ನ ಕೈ ಎಳೆದುಕೊಂಡು, ಎಂದಿನಂತೆ ಮೆತ್ತಗೆ ಒತ್ತಿ, ಬಳೆ ಏರಿಸತೊಡಗಿದರು. ನನ್ನ ಕಣ್ಣಿಗೆ ಏನೂ ಕಾಣದಂತಾಯಿತು.

"ಸುಮ್ನ ಹಿಡಿ," ಎಂದು ಇವರು ಗದರಿದರು. "ಕೈ ಎಷ್ಟು ನಡಗಸ್ತಿ? ಬಳಿ ಒಡೀತದ."