ಫಾರಿನ್ನಿಗೆ ಹೋದ ಕೆಮ್ಮು

ಫಾರಿನ್ನಿಗೆ ಹೋಗುವುದು ಕೂಡ್ಲಿಗಿಗೆ ಹೋಗುವುದಕ್ಕಿಂತ ಸುಲಭ ಎಂದು ಬಿ.ಎ. ಎರಡನೇ ವರ್ಷದಲ್ಲಿ ನಾನು ದೃಢವಾಗಿ ನಂಬಿದ್ದೆ. ಕೂಡ್ಲಿಗಿಗೆ ಹೋಗಬೇಕಾದರೆ ಬಸ್ಸು ಬರಬೇಕು, ಬಂದ ಬಸ್ಸು ನಿಲ್ಲಬೇಕು, ನಿಂತ ಬಸ್ಸಿನೊಳಗೆ ಒಂದು ಕಾಲಿಗಾದರೂ ಜಾಗವಿರಬೇಕು. ಫಾರಿನ್ನಿಗಾದರೆ ನಮ್ಮ ಪ್ರಿನ್ಸಿಪಾಲರು ಒಂದು ಮಾತು ಹೇಳಿದರೆ ಸಾಕಿತ್ತು!

ಸಂಗತಿ ಇಷ್ಟೇ. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಿಂದ ಹನ್ನೆರಡು ವಿದ್ಯಾರ್ಥಿಗಳು, ಜೊತೆಗೆ ಅವರ ಮೇಡಂ, ಒಂದು ತಿಂಗಳ ಮಟ್ಟಿಗೆ ಕೊಟ್ಟೂರಿನ ನಮ್ಮ ಕಾಲೇಜಿಗೆ ಬರುವವರಿದ್ದರು. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಸುತ್ತಲಿನ ಹಳ್ಳಿಗಳ ಭೇಟಿ. ಅಧ್ಯಯನದ ವಿಷಯ, ಒಣಬೇಸಾಯದ ಸೀಮೆಯ ಜನಜೀವನ. ಯಾವುದರಿಂದ ತಪ್ಪಿಸಿಕೊಳ್ಳಲೆಂದು ನಾವು ಓದುತ್ತಿದ್ದೆವೋ ಅದನ್ನೇ ಓದಲು ಅವರು ವಿಮಾನ ಹತ್ತುತ್ತಿದ್ದರು!

“ಜ್ವಾಳ ನೋಡಾಕ ಸಮುದ್ರ ದಾಟಿ ಬರ್ತಾರಂತೇನು?” ನಮ್ಮಜ್ಜಿ ಕನಿಕರಪಟ್ಟಳು. “ಪಾಪ, ಅವರ ದೇಶದಾಗ ಬೆಳಿಯಂಗಿಲ್ಲೇನೊ? ಹೋಗುವಾಗ ಒಂದ್ ಚೀಲ ಕೊಟ್ಟು ಕಳಸ್ರಲೇ.”

ಆದರೆ ನನ್ನ ಕಣ್ಣಿದ್ದದ್ದು ಜೋಳದ ಮೇಲಲ್ಲ. ಅವರು ಬಂದುಹೋದ ಮೇಲೆ ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿ ಅಲ್ಲಿಗೆ ಹೋಗಿ, ಇದೇ ರೀತಿ ಒಂದು ತಿಂಗಳು ಕ್ಲಾಸಿನಲ್ಲೂ ಹೊರಗೂ ಕಲಿತು ಬರಬೇಕೆಂದು ಒಪ್ಪಂದವಾಗಿತ್ತು. ಖರ್ಚು ಅವರದು, ಆಯ್ಕೆ ನಮ್ಮ ಪ್ರಿನ್ಸಿಪಾಲರದು.

ಆ ಒಬ್ಬ ನಾನೇ ಎಂಬ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಏಕೆಂದರೆ ಇಡೀ ಕಾಲೇಜಿನಲ್ಲಿ ಇಂಗ್ಲಿಷನ್ನು ಇಂಗ್ಲಿಷರಂತೆ ಮಾತಾಡುವವನು ನಾನೊಬ್ಬನೇ. ಟ್ರಾನ್ಸಿಸ್ಟರಿನಲ್ಲಿ ಇಂಗ್ಲಿಷ್ ವಾರ್ತೆ ಓದುವವನ ದನಿಯನ್ನು ನಾನು ತೆಗೆದರೆ, ಓಣಿಯಲ್ಲಿ ಹೋಗುವವರು ನಿಂತು ಯಾರ ಮನೆಯ ರೇಡಿಯೊ ಎಂದು ಹುಡುಕುತ್ತಿದ್ದರು. ಅರ್ಥ? ಅದು ಬೇರೆ ಪ್ರಶ್ನೆ. ಧಾಟಿ ಇತ್ತು, ದಾಸ್ತಾನು ಇರಲಿಲ್ಲ.

ಬಸ್ ಕಂಡಕ್ಟರು, ಸೊಪ್ಪಿನ ಹೊನ್ನವ್ವ, ಗೊರಕೆ ಹೊಡೆಯುವ ನಮ್ಮಪ್ಪ, ಹೀಗೆ ನನ್ನ ಅನುಕರಣೆಗೆ ಸಿಕ್ಕದವರೇ ಇರಲಿಲ್ಲ. ಆದರೆ ನನ್ನ ಮಹಾಕೃತಿ ಪ್ರಿನ್ಸಿಪಾಲರೇ. ಅವರು ಯಾವ ಮಾತನ್ನೂ ಸುಮ್ಮನೆ ಶುರು ಮಾಡಿದವರಲ್ಲ. ಮೊದಲು “ಹ್ಹುಂ! ಹ್ಹುಂ!” ಎಂದು ಎರಡು ಕೆಮ್ಮು. ಆಮೇಲೆ ಎರಡೂ ಕೈಯಿಂದ ಕೋಟಿನ ಎದೆ ಜಗ್ಗುವುದು. ಆಮೇಲೆ ತೋರುಬೆರಳು ಆಕಾಶಕ್ಕೆ. ಆಮೇಲೆ “ಏನಪಾ!” ಮಾತು ಮುಗಿದ ಮೇಲೆ “ತಿಳೀತೋ ಇಲ್ಲೋ?” ಹಾಸ್ಟೆಲಿನಲ್ಲಿ ನಾನು ಇದನ್ನು ಮಾಡಿದರೆ ಬೆನ್ನು ಮಾಡಿ ಕುಳಿತ ಹುಡುಗರು ಗಾಬರಿಯಿಂದ ಎದ್ದು ನಿಲ್ಲುತ್ತಿದ್ದರು. ಇದು ಗೊತ್ತಿಲ್ಲದವರು ಪ್ರಿನ್ಸಿಪಾಲರೊಬ್ಬರೇ.

ಅವರೇ ನನ್ನನ್ನು ಕರೆಸಿದರು. “ಹ್ಹುಂ! ಹ್ಹುಂ! ಏನಪಾ, ನಿನ್ನ ಇಂಗ್ಲಿಷು ಭಾಳ ಚಲೋ ಐತಿ ಅಂತಾರ. ಆ ಮಂದಿಗೆ ಮುಂಜಾನಿ ಮಾತಾಡೋ ಕನ್ನಡ ಕಲಸು. ಮಧ್ಯಾನ ಹಳ್ಳಿಗೆ ದುಭಾಷಿ ಆಗಿ ಹೋಗು. ನೆಟ್ಟಗ ಮಾಡಿದ್ರ ನೀನ ಹೋಗ್ತಿ ಅಲ್ಲಿಗೆ. ತಿಳೀತೋ ಇಲ್ಲೋ?”

“ತಿಳೀತ್ರಿ ಸರ್!” ಎಂದೆ. ವಾರ್ತೆಯವನ ದನಿಯಲ್ಲಿ “ಯೆಸ್, ಅಬ್ಸಲ್ಯೂಟ್ಲಿ!” ಎಂದೂ ಸೇರಿಸಿದೆ. ಈ ಎರಡು ಪದಗಳೇ ಮುಂದೆ ನನ್ನ ಸಮಾಧಿಯ ಇಟ್ಟಿಗೆಗಳಾದವು.

ಸಂಜೆಯೊಳಗೆ ಅವ್ವ ಓಣಿಗೆಲ್ಲ ಸಾರಿಬಿಟ್ಟಿದ್ದಳು. ಹರಪನಹಳ್ಳಿಯ ಸೋದರಮಾವ ಕೋಟಿಗೆಂದು ಉಣ್ಣೆ ಬಟ್ಟೆ ತಂದ. ಅದರ ದಪ್ಪ ಹೇಳಬಾರದು, ಮೂಲೆಗೆ ಇಟ್ಟರೆ ತಾನೇ ನಿಲ್ಲುತ್ತಿತ್ತು! ಟೇಲರ್ ಖಾದರ್ ಸಾಬರು ಅಳತೆ ತೆಗೆಯುತ್ತ ಕೇಳಿದರು: “ಒಳಗ ಲೈನಿಂಗ್ ಹಾಕ್ಲೇನ್ರಿ?”

“ಹಾಕ್ರಿ ಸಾಬ್ರ, ಅಲ್ಲಿ ಭಾಳ ಚಳಿ ಅಂತ.”

“ಅಲ್ಲೀದು ಅಲ್ಲಾಗ್ಲಿ. ಇಲ್ಲಿ ಟ್ರಯಲ್ ನೋಡೋ ಮುಂದ ಸೆಕಿಗೆ ತಲಿ ತಿರುಗಿ ಬಿದ್ದು ಗಿದ್ದೀರಿ ಮತ್ತ. ಅಂಗಡಿ ಸಣ್ಣದೈತಿ.”

ಮನೆಗೆ ಬಂದರೆ ಅತ್ತಿಗೆ ಒಳಗಿನಿಂದ ಚುಚ್ಚಿದಳು: “ಅಲ್ಲ ಮೈದುನಪ್ಪಾ, ಅಲ್ಲಿ ಹೋಗಿ ಯಾರ ದನಿ ತಗೀತಿ? ಹೊನ್ನವ್ವ ಅವರಿಗೆ ಗೊತ್ತಿಲ್ಲ.”

“ಅಲ್ಲಿ ರಾಣಿ ಅದಾಳಲ್ಲ ಅತ್ತಿಗಿ!” ಎಂದೆ. ಆತ್ಮವಿಶ್ವಾಸವೆಂದರೆ ಹಾಗಿರಬೇಕು.

ಹನ್ನೆರಡು ಜನ ಬಂದರು. ಅಂಥ ಶ್ರದ್ಧಾವಂತ ವಿದ್ಯಾರ್ಥಿಗಳನ್ನು ನಮ್ಮ ಕಾಲೇಜು ಕಂಡಿರಲಿಲ್ಲ. ನಾನು ಸೀನಿದರೂ ಬರೆದುಕೊಳ್ಳುತ್ತಿದ್ದರು! ವ್ಯಾಕರಣ ನನಗೇ ಬರುತ್ತಿರಲಿಲ್ಲವಾದ್ದರಿಂದ ನಾನು ಅಭಿನಯದ ಮೂಲಕ ಬೋಧಿಸಿದೆ. ಬಸ್ಸಿನ ಪಾಠಕ್ಕೆ ಕಂಡಕ್ಟರು, ಸಂತೆಯ ಪಾಠಕ್ಕೆ ಹೊನ್ನವ್ವ. ಹಿರಿಯರೊಡನೆ ಮಾತಾಡುವ ಪಾಠ ಬಂದಾಗ ಸ್ವಾಭಾವಿಕವಾಗಿಯೇ ಪ್ರಿನ್ಸಿಪಾಲರನ್ನು ತೆಗೆದೆ. ಕೆಮ್ಮು, ಕೋಟು, ಬೆರಳು, ಏನಪಾ, ತಿಳೀತೋ ಇಲ್ಲೋ. ಪೂರ್ತಿ ಪ್ರದರ್ಶನ!

ಪೀಟರ್ ಎಂಬ ಎತ್ತರದ ಹುಡುಗ ಕೈಯೆತ್ತಿ ಇಂಗ್ಲಿಷಿನಲ್ಲಿ ಉದ್ದನೆಯ ಪ್ರಶ್ನೆ ಕೇಳಿದ. ಅದರಲ್ಲಿ ನನಗೆ ದಕ್ಕಿದ್ದು ಕೊನೆಯ ಪ್ರಶ್ನಾರ್ಥಕ ಚಿಹ್ನೆ ಮಾತ್ರ.

“ಯೆಸ್, ಅಬ್ಸಲ್ಯೂಟ್ಲಿ!” ಎಂದೆ. ಹನ್ನೆರಡು ಪೆನ್ನುಗಳು ಚಲಿಸಿದವು.

ಅವನು ಕೇಳಿದ್ದೇನೆಂಬುದು ಹೊಸಹಳ್ಳಿಯ ಬೇವಿನ ಮರದ ಕೆಳಗೆ ತಿಳಿಯಿತು. ಅಲ್ಲಿನ ಹಿರಿಯ ಈರಪ್ಪಜ್ಜ ಕಂಬಳಿ ಹಾಸಿ ಎಲ್ಲರನ್ನೂ ಕೂಡಿಸಿದ್ದ. ಪೀಟರ್ ಎದ್ದು ನಿಂತ. “ಹ್ಹುಂ! ಹ್ಹುಂ!” ಅಂಗಿಯ ಎದೆ ಜಗ್ಗಿದ. ಬೆರಳು ಮೇಲೆತ್ತಿದ. “ಏನಪಾ, ಆರಾಮೇನು? ತಿಳೀತೋ ಇಲ್ಲೋ?”

ಈರಪ್ಪಜ್ಜ ಬೆರಳು ತೋರಿಸಿದ ಕಡೆ ಆಕಾಶ ನೋಡಿದ. ಮೋಡವಿರಲಿಲ್ಲ. ಅಷ್ಟರಲ್ಲಿ ಎರಡನೆಯವಳು ಎದ್ದು ಕೆಮ್ಮಿದಳು. ಮೂರನೆಯವನು ಕೆಮ್ಮಿದ. ಎರಡು ಕೆಮ್ಮು, ಕೋಟು ಜಗ್ಗುವುದು, ಬೆರಳೆತ್ತುವುದು, ಇವೆಲ್ಲ ಕನ್ನಡದಲ್ಲಿ ಹಿರಿಯರಿಗೆ ತೋರಿಸುವ ಗೌರವವೇ ಎಂದು ಕ್ಲಾಸಿನಲ್ಲಿ ಪೀಟರ್ ಕೇಳಿದ್ದ. ನಾನು ಹೌದೆಂದಿದ್ದೆ. ಅಬ್ಸಲ್ಯೂಟ್ಲಿ!

“ಅಯ್ಯ ಶಿವನೆ, ಎಲ್ಲಾರಿಗೂ ಒಮ್ಮಿಗೇ ಗಂಟ್ಲು ಹಿಡದೈತಲ್ಲೋ ತಮ್ಮಾ!” ಈರಪ್ಪಜ್ಜ ಗಾಬರಿಯಾದ. “ನಮ್ಮ ನೀರು ಒಗ್ಗಿಲ್ಲ ಕಾಣತೈತಿ. ಏ ಗೌರಮ್ಮ, ಮೆಣಸು ಸುಂಟಿ ಹಾಕಿ ಕಷಾಯ ಕಾಸವ್ವ!”

ಕಷಾಯ ಬಂತು. ಹನ್ನೆರಡು ಜನರೂ ಕಣ್ಣೀರು ಸುರಿಸುತ್ತ ಕುಡಿದರು. ಗೌರವ ಸಲ್ಲಿಸಿದ ಅತಿಥಿಗೆ ಖಾರದ ಪಾನೀಯ ಕೊಡುವುದು ಈ ಸೀಮೆಯ ಪದ್ಧತಿಯೆಂದು ಮೇಡಂ ಸಂತೋಷದಿಂದ ಬರೆದುಕೊಂಡರು. ಹಗರಿಬೊಮ್ಮನಹಳ್ಳಿಯ ಕಡೆ ಹೋದೆವು. ಕೆಮ್ಮಿದರು, ಕಷಾಯ ಬಂತು. ಹಡಗಲಿಯ ಮಲ್ಲಿಗೆ ತೋಟಕ್ಕೆ ಹೋದೆವು. ಕೆಮ್ಮಿದರು, ಅಲ್ಲಿಯೂ ಕಷಾಯ! ಸಿದ್ಧಾಂತ ಮೂರು ಊರುಗಳಲ್ಲಿ ಸಾಬೀತಾಯಿತು. ಸಂಶೋಧನೆ ಹೇಗೆ ನಡೆಯುತ್ತದೆಂದು ನಾನು ಕಣ್ಣಾರೆ ಕಂಡದ್ದು ಆಗಲೇ.

ನನ್ನ ದುಭಾಷಿತನವೂ ಇದೇ ದರ್ಜೆಯದು. ಮಳೆ ತಡವಾದರೆ ಏನು ಬಿತ್ತುತ್ತೀರಿ ಎಂಬಂಥ ಪ್ರಶ್ನೆಗಳನ್ನು ಮೇಡಂ ಬಹಳ ಹೊತ್ತು ಕೇಳುತ್ತಿದ್ದರು. ನಾನು ರೈತರ ಕಡೆ ತಿರುಗಿ, “ಊಟ ಆತಾ ಅಂತ ಕೇಳ್ತಾರ್ರಿ” ಎನ್ನುತ್ತಿದ್ದೆ. “ಆತ್ರಿ, ರೊಟ್ಟಿ ಉಂಡ್ವಿ” ಎನ್ನುತ್ತಿದ್ದರು. ಅವರು ತೃಪ್ತರಾಗಿದ್ದಾರೆ ಎಂದು ಮೇಡಮ್ಮಿಗೆ ವರದಿ ಒಪ್ಪಿಸುತ್ತಿದ್ದೆ. ಇಷ್ಟು ತೃಪ್ತ ರೈತರನ್ನು ಜಗತ್ತಿನಲ್ಲೇ ಕಂಡಿಲ್ಲವೆಂದು ಮೇಡಂ ಬೆರಗಾದರು.

ಕೆಮ್ಮನ್ನು ಆಗಲೇ ತಿದ್ದಬಹುದಿತ್ತು. ಆದರೆ ತಿದ್ದಬೇಕಾದರೆ ನನಗೆ ಇಂಗ್ಲಿಷ್ ಬರುವುದಿಲ್ಲವೆಂದು ಒಪ್ಪಬೇಕು. ಒಪ್ಪಿದರೆ ಫಾರಿನ್ ಹೋಯಿತು. ಕೋಟಿಗೆ ಗುಂಡಿ ಹಚ್ಚುವುದೊಂದೇ ಬಾಕಿ ಇತ್ತು! ಹೇಗೂ ಪ್ರಿನ್ಸಿಪಾಲರು ಅವರೊಡನೆ ಮಾತಾಡುವುದು ಇಂಗ್ಲಿಷಿನಲ್ಲಿ, ಹುಡುಗರು ಕೆಮ್ಮುವುದು ಕನ್ನಡಕ್ಕಷ್ಟೇ, ಇಂಗ್ಲಿಷಿಗೆ ಕೆಮ್ಮಿಲ್ಲ ಎಂದು ಧೈರ್ಯ ತಂದುಕೊಂಡೆ.

ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ಬೆರಳೆತ್ತಿ ಘೋಷಿಸಿದರು: “ಏನಪಾ, ಎಲ್ಲಾರೂ ಸ್ಟೇಜಿನ ಮ್ಯಾಲೆ ಒಂದೊಂದು ಮಾತು ಕನ್ನಡದಾಗ ಆಡ್ಲಿ. ನೀ ಕಲಿಸಿದ್ದು ಊರ ಮಂದಿ ಕೇಳ್ಲಿ. ತಿಳೀತೋ ಇಲ್ಲೋ?”

ತಿಳಿಯಿತು. ಚೆನ್ನಾಗಿಯೇ ತಿಳಿಯಿತು! ಓಡಿಹೋಗಿ ಹನ್ನೆರಡೂ ಜನರನ್ನು ಸೇರಿಸಿ, ಕೈಮುಗಿದು, “ಟುಡೇ ನೋ ಹ್ಹುಂ!” ಎಂದೆ. ಪೀಟರನ ಮುಖ ಬಾಡಿತು. ಈ ಸಲ ಅವನು ನಿಧಾನವಾಗಿ, ನನಗೂ ಅರ್ಥವಾಗುವಂತೆ ಕೇಳಿದ: ಇಷ್ಟು ದೊಡ್ಡವರ ಎದುರಿಗೆ ಗೌರವ ತೋರಿಸದಿರುವುದು ತಪ್ಪಲ್ಲವೇ?

ಬಾಯಿ ನನ್ನದಾದರೂ ಅಭ್ಯಾಸ ನನ್ನ ಕೈಯಲ್ಲಿರಲಿಲ್ಲ. “ಯೆಸ್, ಅಬ್ಸಲ್ಯೂಟ್ಲಿ!” ಎಂದುಬಿಟ್ಟೆ.

ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ನಮ್ಮ ಮನೆಯವರೆಲ್ಲ, ಅವರ ಪಕ್ಕ ಹೊಸಹಳ್ಳಿಯ ಈರಪ್ಪಜ್ಜ. ವೇದಿಕೆಯ ಮೇಲೆ ಪ್ರಿನ್ಸಿಪಾಲರು, ಮೇಡಂ, ಮತ್ತು ಕೊಟ್ಟೂರಿನ ಬೇಸಿಗೆಯಲ್ಲಿ ಉಣ್ಣೆ ಕೋಟು ತೊಟ್ಟ ನಾನು. ಅವ್ವನ ಆಜ್ಞೆ!

ಪೀಟರ್ ಮೈಕಿನ ಮುಂದೆ ಬಂದ. ಪ್ರಿನ್ಸಿಪಾಲರ ಕಡೆ ತಿರುಗಿದ.

“ಹ್ಹುಂ! ಹ್ಹುಂ!”

ಎದೆ ಜಗ್ಗಿದ. ಬೆರಳೆತ್ತಿದ.

“ಏನಪಾ ಪ್ರಿನ್ಸಿಪಾಲ್! ನಿನ್ನ ಊರು ಭಾಳ ಚಲೋ ಐತಿ. ತಿಳೀತೋ ಇಲ್ಲೋ?”

ಹಿಂದಿನ ಸಾಲಿನ ಹಾಸ್ಟೆಲ್ ಹುಡುಗರು ಅಭ್ಯಾಸಬಲದಿಂದ ಎದ್ದು ನಿಂತರು. ಆಮೇಲೆ ನಗು ಎದ್ದಿತು ನೋಡಿ, ತಗಡಿನ ಮಾಡು ಗುಡುಗಿತು. ಹನ್ನೆರಡು ಸಲ! ಕೊನೆಯ ತೆಳ್ಳನೆಯ ಹುಡುಗಿಯಂತೂ ಕೆಮ್ಮಿನ ನಡುವೆ ಕನ್ನಡಕ ಸರಿಪಡಿಸುವುದನ್ನೂ ಸೇರಿಸಿದ್ದಳು. ಪ್ರಿನ್ಸಿಪಾಲರ ಆ ಚಟವನ್ನು ನಾನೇ ಗಮನಿಸಿರಲಿಲ್ಲ. ಆ ಸಂಕಟದಲ್ಲೂ ನನಗೆ ಹೊಟ್ಟೆಕಿಚ್ಚಾಯಿತು.

ಮೇಡಂ ಎದ್ದು ಮಾತಾಡಿದರು. ಒಂದು ತಿಂಗಳಲ್ಲಿ ಮೊದಲ ಸಲ ಅವರ ಪ್ರತಿಯೊಂದು ಪದವೂ ನನಗೆ ಅರ್ಥವಾಯಿತು. ಈ ಗೌರವದ ನಡವಳಿಕೆಯನ್ನೆಲ್ಲ ಕಲಿಸಿದವನು ಈ ಯುವಕ, ತಮ್ಮನ್ನು ನೋಡಿ ಕಲಿತೆಯಾ ಎಂದು ಕೇಳಿದರೆ ‘ಅಬ್ಸಲ್ಯೂಟ್ಲಿ’ ಎಂದಿದ್ದಾನೆ ಎಂದು ಪ್ರಿನ್ಸಿಪಾಲರಿಗೆ ಕೃತಜ್ಞತೆ ಅರ್ಪಿಸಿದರು. ಮುಗಿಸಿ, ಅನುವಾದಿಸೆಂದು ನನ್ನ ಕಡೆ ನೋಡಿದರು.

ನಾನು ಮೈಕಿಗೆ ಬಾಯಿಟ್ಟು ಹೇಳಿದೆ: “ಊಟ ಆತಾ ಅಂತ ಕೇಳ್ತಾರ್ರಿ.”

“ಆತ್ರೀ!” ಎಂದಿತು ಇಡೀ ಸಭೆ.

ಪ್ರಿನ್ಸಿಪಾಲರು ನನ್ನನ್ನೇ ನೋಡಿದರು. ಅವರು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವರೆಂಬುದು ಆ ಕ್ಷಣದಲ್ಲಿ ನನಗೆ ನೆನಪಾಯಿತು.

ಅವರು ಉತ್ತರ ಕೊಡಲು ಎದ್ದರು. ಗಂಟಲು ಸರಿಪಡಿಸಲು ಬಾಯಿ ತೆರೆದರು, ಮುಚ್ಚಿದರು. ಕೈ ಕೋಟಿನ ತನಕ ಹೋಗಿ ವಾಪಸು ಬಂತು. ಅರ್ಧ ಎದ್ದ ಬೆರಳನ್ನು ಜೇಬಿಗೆ ಹಾಕಿಕೊಂಡರು. ಮತ್ತೆ ಬಾಯಿ ತೆರೆದರು, ಮತ್ತೆ ಮುಚ್ಚಿದರು. ಈರಪ್ಪಜ್ಜನಿಗೆ ಮರುಕ ತಡೆಯಲಾಗಲಿಲ್ಲ. “ಇವರಿಗೂ ಹತ್ತೇತಲ್ರೋ! ಯಾರಾರ ಕಷಾಯ ತರ್ರಲೇ!” ಎಂದು ಕೂಗಿದ.

ಮರುದಿನ ಪ್ರಿನ್ಸಿಪಾಲರು ಕೋಣೆಗೆ ಕರೆದರು. ಕೆಮ್ಮಲಿಲ್ಲ, ಕೋಟು ಮುಟ್ಟಲಿಲ್ಲ. ಬೆರಳುಗಳು ಮೇಜಿನ ಮೇಲೆ ತೆಪ್ಪಗೆ ಮಲಗಿದ್ದವು.

“ನಿನ್ನ ಮ್ಯಾಲೆ ನನಗೇನೂ ಸಿಟ್ಟಿಲ್ಲ,” ಎಂದರು. “ಆದ್ರ ಈಗಾಗ್ಲೇ ಹನ್ನೆರಡು ಮಂದಿ ನನ್ನ ಫಾರಿನ್ನಿಗೆ ಹೊತಗೊಂಡು ಹೋಗ್ಯಾರ. ಹದಿಮೂರನೇದವ ಬ್ಯಾಡ.”

ನನ್ನ ಬದಲು ನಮ್ಮ ಕ್ಲಾಸಿನ ಕೊಟ್ರೇಶ ಹೋದ. ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದವನು! ಹೊರಡುವ ಮುನ್ನ ನಮ್ಮ ಮನೆಗೆ ಬಂದು, “ದೋಸ್ತ, ಹೆಂಗೂ ನಿನಗ ಬೇಕಾಗಂಗಿಲ್ಲ, ಆ ಕೋಟು...” ಎಂದ. ನಾನು ಬಾಯಿ ತೆರೆಯುವ ಮೊದಲೇ ಅವ್ವ ತಂದು ಕೊಟ್ಟಳು. ಒಂದು ತಿಂಗಳ ಮೇಲೆ ತಿರುಗಿ ತಂದವನು ವರದಿ ಒಪ್ಪಿಸಿದ. ಅಲ್ಲಿ ಅವನು ಕ್ಲಾಸಿಗೆ ಕಾಲಿಟ್ಟಾಗ ಎಲ್ಲರೂ ಎದ್ದು ಎರಡು ಸಲ ಕೆಮ್ಮಿದರಂತೆ. ಮೆಣಸಿನ ಕಷಾಯವನ್ನೂ ಕೊಟ್ಟರಂತೆ.

“ನೀ ಏನ್ ಮಾಡಿದಿ?”

“ಗೌರವ ಕೊಟ್ಟಾರ ಅಂತ ನಾನೂ ಕೆಮ್ಮಿದೆ,” ಎಂದ ಕೊಟ್ರೇಶ.

ಕೆಮ್ಮು ಫಾರಿನ್ನಿಗೆ ಹೋಯಿತು. ಕೋಟು ಹೋಗಿ ಬಂತು. ನಾನು ಕೂಡ್ಲಿಗಿ ಬಸ್ಸಿಗೂ ಜಾಗ ಸಿಗದೆ ಕೊಟ್ಟೂರಿನಲ್ಲೇ ಉಳಿದೆ. ಪ್ರಿನ್ಸಿಪಾಲರು ಅಂದಿನಿಂದ ಕೆಮ್ಮುವುದನ್ನೇ ಬಿಟ್ಟರು. ಹೊಸದಾಗಿ ಸೇರಿದ ಹುಡುಗರಿಗೆ ಅವರು ಮೊದಲು ಹೇಗಿದ್ದರೆಂದೇ ಗೊತ್ತಿಲ್ಲ. ಮೊನ್ನೆ ಆ ಹುಡುಗರ ಮುಂದೆ ನನ್ನ ಮಹಾಕೃತಿಯನ್ನು ತೆಗೆದೆ. ಕೆಮ್ಮಿದೆ, ಕೋಟು ಜಗ್ಗಿದೆ, ಬೆರಳೆತ್ತಿದೆ. ಒಬ್ಬನೂ ನಗಲಿಲ್ಲ. ಮನೆಗೆ ಬಂದು ತಪ್ಪು ಎಲ್ಲಿದೆಯೆಂದು ಕನ್ನಡಿಯ ಮುಂದೆ ಮತ್ತೊಮ್ಮೆ ಮಾಡಿ ನೋಡುತ್ತಿದ್ದೆ.

“ಏನೋ ಅದು, ಒಂದ ಸವನ ಕೆಮ್ಮಾಕತ್ತಿ?” ಅಡುಗೆಮನೆಯಿಂದ ಅಜ್ಜಿಯ ದನಿ ಬಂತು. “ಕಷಾಯ ಕಾಸ್ಲೇನು?”