ಭಾಷಾ ಕಾಯ್ದೆಯೂ ಹಿತಕಿದ ಬೇಳೆಯೂ

ಕಾನೂನು ಮಾಡಬೇಕೆಂಬ ಆಸೆ ಪ್ರತಿಯೊಬ್ಬ ಗಂಡಸಿಗೂ ಆಯುಷ್ಯದಲ್ಲಿ ಒಮ್ಮೆಯಾದರೂ ಬಂದೇ ಬರುತ್ತದೆ ಎಂದು ನನ್ನ ನಂಬಿಕೆ. ಕೆಲವರು ಅದಕ್ಕಾಗಿ ಚುನಾವಣೆಗೆ ನಿಲ್ಲುತ್ತಾರೆ. ಮಿಕ್ಕವರಿಗೆ ಮನೆ ಇದೆ. ಕೆಲಸದ ಜಾಗದಲ್ಲಂತೂ ನನ್ನ ಮಾತು ಕೇಳುವವರಿಲ್ಲ. ಚನ್ನಪಟ್ಟಣದಲ್ಲಿ ಮರದ ಬಣ್ಣದ ಗೊಂಬೆಗಳನ್ನು ಮಾಡಿ ಹೊರದೇಶಕ್ಕೆ ಕಳಿಸುವ ಒಂದು ಕಾರ್ಖಾನೆಯಲ್ಲಿ ನಾನು ಡಬ್ಬಿ ತುಂಬಿಸುವ, ಚೀಟಿ ಅಂಟಿಸುವ ವಿಭಾಗದ ಮೇಲ್ವಿಚಾರಕ. ಡಬ್ಬಿ ಒಡೆದರೆ ಮಾಲೀಕರು ನನ್ನನ್ನು ವಿಚಾರಿಸಿಕೊಳ್ಳುತ್ತಾರೆ, ಗೋಂದು ಮುಗಿದರೆ ಚೀಟಿ ಅಂಟಿಸುವ ಹೆಂಗಸರು ವಿಚಾರಿಸಿಕೊಳ್ಳುತ್ತಾರೆ. ಹೀಗೆ ಎರಡೂ ಕಡೆಯಿಂದ ಅನ್ನಿಸಿಕೊಂಡು ಸಂಜೆ ಮನೆಗೆ ಬರುವ ಮನುಷ್ಯನಿಗೆ ಸ್ವಂತಕ್ಕೊಂದು ಕಾಯ್ದೆ ಇರಲಿ ಎನ್ನಿಸಿದರೆ ತಪ್ಪೇನೂ ಅಲ್ಲ. ತಪ್ಪಾದದ್ದು ಆಮೇಲೆ.

ಆ ಆಸೆಗೆ ಬೀಜ ಹಾಕಿದವರು ಫ್ರಾನ್ಸಿನಿಂದ ಗೊಂಬೆ ಕೊಳ್ಳಲು ಬಂದ ಒಬ್ಬ ಮೇಡಂ. ವಯಸ್ಸು ಐವತ್ತರ ಮೇಲೆ ಇದ್ದೀತು, ಹತ್ತಿ ಸೀರೆಯಂಥದೇ ಬಟ್ಟೆಯಲ್ಲಿ ಹೊಲಿಸಿದ ಉದ್ದ ಅಂಗಿ, ಕೈಯಲ್ಲೊಂದು ಅಳತೆಪಟ್ಟಿ. ಬುಗುರಿ, ಗಿಲಕಿ, ಎಳೆಯುವ ಕುದುರೆ ಎಲ್ಲವನ್ನೂ ಮೂಸಿ ನೋಡಿ ಮೆಚ್ಚಿಕೊಂಡರು. ಆಮೇಲೆ ನಾನು ಬಲು ಹೆಮ್ಮೆಯಿಂದ ತೋರಿಸಿದ ಡಬ್ಬಿಯನ್ನು ಕೈಗೆತ್ತಿಕೊಂಡು, ಮೇಲಿದ್ದ ಇಂಗ್ಲಿಷ್ ಬರಹ ನೋಡಿ ತಲೆಯಾಡಿಸಿದರು. ನಮ್ಮ ದೇಶದಲ್ಲಿ ಇದು ನಡೆಯುವುದಿಲ್ಲ, ಮಾರುವ ವಸ್ತುವಿನ ಮೇಲಿನ ವಿವರವೆಲ್ಲ ಫ್ರೆಂಚಿನಲ್ಲಿ ಇರಲೇಬೇಕು, ಹಾಗೆಂದು ಕಾನೂನೇ ಇದೆ ಎಂದರು. ಬೇರೆ ಭಾಷೆಯನ್ನೂ ಹಾಕಬಹುದೇ ಎಂದು ಕೇಳಿದೆ. ಧಾರಾಳವಾಗಿ ಹಾಕಿ, ಆದರೆ ನಮ್ಮದಕ್ಕಿಂತ ಎದ್ದು ಕಾಣಬಾರದು ಎಂದರು. ಅದನ್ನು ಹೇಳುವಾಗ ಆಕೆಯ ದನಿಯಲ್ಲಿ ಸಂಕೋಚದ ಸುಳಿವೂ ಇರಲಿಲ್ಲ. ನನಗೆ ಮೈ ಜುಮ್ಮೆಂದಿತು. ನಮ್ಮ ಹೆದ್ದಾರಿಯ ಅಂಗಡಿಗಳಿಗೂ ಕನ್ನಡ ದೊಡ್ಡದಾಗಿರಬೇಕೆಂಬ ಕಾನೂನು ಇದೆ, ನಿಜ. ಆದರೆ ನಮ್ಮ ಅಂಗಡಿಯವರು ಅದನ್ನು ಪಾಲಿಸುವುದು ಪಕ್ಕದೂರಿನ ನೆಂಟರು ಮದುವೆಗೆ ಬರುವ ಹಾಗೆ, ಬರಲೇಬೇಕಲ್ಲ ಎಂದು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಮೇಡಂ ತಮ್ಮ ಅಜ್ಜಿಯ ವಿಷಯ ಏನೋ ಹೇಳತೊಡಗಿದರು. ನಾನು ಹೂಂಗುಟ್ಟಿದೆನೇ ಹೊರತು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಆಗಲೇ ಮಸೂದೆ ತಯಾರಾಗುತ್ತಿತ್ತು.

ಮನೆಯಲ್ಲಿ ನಾವು ನಾಲ್ಕು ಜನ. ನಾನು, ಹೆಂಡತಿ ಪದ್ಮ, ರಾಮನಗರದ ಕಾಲೇಜಿನಲ್ಲಿ ಬಿ.ಕಾಂ. ಓದುವ ಮಗಳು ಚೈತ್ರ, ಮತ್ತು ಅವ್ವ. ಅವ್ವ ಅಕ್ಕೂರಿನವಳು. ರೇಷ್ಮೆಹುಳು ಸಾಕಿ ನನ್ನನ್ನು ಓದಿಸಿದವಳು. ಹುಳು ಸೊಪ್ಪು ಮೇಯುವಾಗ ಇಡೀ ಮನೆ ಹನಿಮಳೆ ಬಿದ್ದ ಹಾಗೆ ಸದ್ದು ಮಾಡುತ್ತದೆ. ಅವ್ವನ ಮಾತೂ ಹಾಗೆಯೇ, ಬೆಳಗಿನಿಂದ ಸಂಜೆತನಕ ನಿಲ್ಲದು. ನಾನು ಸಂಜೆ ಕಾಲು ತೊಳೆದು ಕೂತರೆ ಸಾಕು, ಬೀದಿಯ ಅಂದಿನ ವರದಿ ಪೂರ್ತಿ ಒಪ್ಪಿಸುತ್ತಿದ್ದಳು. ಅರ್ಧ ಕೇಳಿ ಅರ್ಧ ಬಿಡುತ್ತಿದ್ದೆ. ಅದು ಮುಗಿದುಹೋಗುವಂಥದ್ದು ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ಅವರೆಕಾಯಿ ಶುರುವಾಗುವ ಕಾಲ. ನೆನೆಹಾಕಿದ ಕಾಳನ್ನು ಒಂದೊಂದಾಗಿ ಹಿತಕಿ ಸಿಪ್ಪೆ ಬಿಡಿಸುವ ಕೆಲಸವಿದೆಯಲ್ಲ, ಹಿತಕಿದ ಬೇಳೆ ಸಾರು ಎಂದರೆ ಬಾಯಲ್ಲಿ ನೀರೂರುವ ನಮ್ಮ ಸೀಮೆಯ ಜನ ಆ ಕೆಲಸ ಎಂದರೆ ಮಾತ್ರ ಎದ್ದು ಹೊರಗೆ ಹೋಗುತ್ತಾರೆ. ನನ್ನ ಕಾಯ್ದೆಗೆ ಶಿಕ್ಷೆ ಅಲ್ಲಿಂದಲೇ ಸಿಕ್ಕಿತು. ಮನೆಯಲ್ಲಿ ಇಂಗ್ಲಿಷ್ ಪದ ಆಡಿದವರ ಮುಂದೆ ಕಾಳಿನ ಬೇಸನ್ನು ಇಡುವುದು. ಇನ್ನೊಬ್ಬರು ತಪ್ಪಾಡಿ ಸಿಕ್ಕಿಬೀಳುವ ತನಕ ಅವರೇ ಹಿತಕುತ್ತಿರಬೇಕು. ಸಿಕ್ಕಿಬಿದ್ದರೆ ಬೇಸನ್ನು ಅತ್ತ ದಾಟುತ್ತದೆ. ಸರಳ, ಅಹಿಂಸಾತ್ಮಕ, ಸಾರಿಗೂ ಒದಗುವಂಥದು. ನನ್ನ ಬುದ್ಧಿಗೆ ನಾನೇ ಬೆರಗಾದೆ. ಕಾರ್ಖಾನೆಯ ವ್ಯವಹಾರದ ಪದಗಳಿಗೆ ಮಾತ್ರ ವಿನಾಯಿತಿ ಇಟ್ಟುಕೊಂಡೆ. ಕಾನೂನು ಮಾಡುವವರು ತಮಗೊಂದು ಬಾಗಿಲು ತೆರೆದಿಟ್ಟುಕೊಳ್ಳುವುದು ಲೋಕದ ಪದ್ಧತಿ.

"ಅಜ್ಜಿಗೂನಾ?" ಎಂದಳು ಚೈತ್ರ.

"ಅಜ್ಜಿಗೇನು ಭಯ? ಅವಳಿಗೆ ಇಂಗ್ಲಿಷ್ ಬಂದರೆ ತಾನೇ?" ಎಂದೆ. ಇಡೀ ಕಾಯ್ದೆಯಲ್ಲಿ ನಾನು ಯೋಚಿಸದೆ ಬಿಟ್ಟದ್ದು ಇದೊಂದೇ.

ನಾಲ್ಕಾರು ದಿನದಲ್ಲಿ ವಿಚಿತ್ರವೊಂದು ಕಂಡಿತು. ಇಂಗ್ಲಿಷಿನಲ್ಲೇ ಪರೀಕ್ಷೆ ಬರೆಯುವ ಚೈತ್ರ ಸಿಕ್ಕಿಬೀಳುತ್ತಲೇ ಇರಲಿಲ್ಲ. ಯಾವ ಪದ ಇಂಗ್ಲಿಷಿನದು ಎಂದು ಅವಳಿಗೆ ಚೆನ್ನಾಗಿ ಗೊತ್ತು, ಆದ್ದರಿಂದ ಅದನ್ನು ದಾಟಿ ನಡೆಯುವುದೂ ಗೊತ್ತು. ಚರವಾಣಿ, ಅಂತರ್ಜಾಲ ಎಂದು ರಾಗವಾಗಿ ನುಡಿದು ನನ್ನ ಮುಖ ನೋಡುತ್ತಿದ್ದಳು. ತೀರ ಕಷ್ಟವಾದರೆ ಪಕ್ಕದಲ್ಲೇ ಕೂತ ಅಮ್ಮನಿಗೆ ಮೊಬೈಲಿನಲ್ಲಿ ಮೆಸೇಜು ಕಳಿಸುತ್ತಿದ್ದಳು. ಕಾಯ್ದೆ ಬಾಯಿಗೆ ಮಾತ್ರ, ಬೆರಳಿಗಲ್ಲ ಎಂದು ಅವಳ ವಾದ. ಪದ್ಮ ಎಲ್ಲದಕ್ಕೂ "ಅದು" ಎನ್ನುವುದನ್ನು ರೂಢಿಸಿಕೊಂಡಳು. "ರೀ, ಅದರೊಳಗೆ ಅದು ಇದೆ, ತಗೊಂಡು ಅದರ ಮೇಲಿಡಿ" ಎನ್ನುವಳು. ಫ್ರಿಜ್ಜಿನಿಂದ ಹಾಲು ತೆಗೆದು ಗ್ಯಾಸಿನ ಮೇಲಿಡಬೇಕೆಂದು ನಾನು ಊಹಿಸಿಕೊಳ್ಳಬೇಕು.

ಇಂಗ್ಲಿಷ್ ಮಾತಾಡಿದ್ದಕ್ಕೆ ಮನೆಯಲ್ಲಿ ದಿನವೂ ಶಿಕ್ಷೆ ಅನುಭವಿಸಿದವಳು, ಇಂಗ್ಲಿಷಿನ ಒಂದಕ್ಷರವೂ ಬಾರದ ಅವ್ವ. ಬಸ್ಸು, ಟೇಮು, ಕರೆಂಟು, ಡಾಕುಟ್ರು, ಬಾಯಿ ತೆರೆದರೆ ಒಂದು ಉದುರುತ್ತಿತ್ತು. ಅವಳಿಗೆ ಅವೆಲ್ಲ ಒಂದೇ ಕಣಜದ ಕಾಳು. ಒಂದು ಸಂಜೆ "ರೈಲು ತಡ ಆಯ್ತಂತೆ" ಎಂದಳು. ಚೈತ್ರ ಬೇಸನ್ನು ಸರಿಸಿದಳು. ಅವ್ವ ನಿಜವಾಗಿಯೂ ಅಚ್ಚರಿಪಟ್ಟಳು.

"ಏನ್ಲಾ ಇದು, ರೈಲೂ ಇಂಗ್ಲೀಸಾ? ನಾನು ಉಟ್ಟೋಕ್ ಮುಂಚ್ಲಿಂದ್ಲೂ ಇಲ್ಲೇ ಓಡಾಡ್ತಾ ಐತಲ್ಲ. ಅದ್ಯಾವಾಗ ಅವರ್ದಾಯ್ತು?"

ನಾವು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಅವಳೂ ನಕ್ಕಳು. "ಆಯ್ತು, ಆ ಬೇಸನ್ ಇತ್ತಾಗ್ ಕೊಡಿ" ಎಂದಳು. ಬೇಸನ್ ಅಂದಿದ್ದಕ್ಕೆ ಇನ್ನೊಂದು ಬೊಗಸೆ ಕಾಳು ಹಾಕಿದೆ. ಇದನ್ನು ಕಾರ್ಖಾನೆಯಲ್ಲಿ ಎಷ್ಟು ಜನಕ್ಕೆ ಹೇಳಿ ನಗಿಸಿದೆನೋ ಲೆಕ್ಕವಿಲ್ಲ. ಈಗ ನೆನೆದರೆ ನಗು ಬರುವುದಿಲ್ಲ.

ಹೀಗೇ ಒಂದು ಸಂಜೆ ನಾನು ಬಂದಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಏನೋ ಹೇಳುವ ಆತುರ ಮುಖದಲ್ಲಿ ಕಾಣುತ್ತಿತ್ತು. ನಾನು ಕೂರುತ್ತಲೇ, "ಮಗ, ಇವತ್ತು ಇಸ್ಕೂಲ್ ತಾವ ಕ್ಯಾಂಪ್ ಹಾಕಿದ್ರು ಕಣಪ್ಪ" ಎಂದು ಶುರುಮಾಡಿದಳು.

"ಶಾಲೆ. ಶಿಬಿರ" ಎಂದೆ ನಾನು, ಎರಡು ಬೆರಳೆತ್ತಿ. ಬೇಸನ್ನನ್ನು ಅವಳ ಮುಂದೆ ಇಟ್ಟೆ.

ಅವ್ವ ಬೇಸನ್ನು ನೋಡಿದಳು, ನನ್ನನ್ನು ನೋಡಿದಳು. "ಏನಿಲ್ಲ ಬುಡು" ಎಂದು ಕಾಳಿಗೆ ಕೈಹಾಕಿದಳು. ಮುಂದೇನು ಎಂದು ನಾನೂ ಕೇಳಲಿಲ್ಲ. ಟೀವಿಯಲ್ಲಿ ವಾರ್ತೆ ಶುರುವಾಗಿತ್ತು.

ಆಮೇಲೆ ಅವ್ವನ ಸಂಜೆಯ ವರದಿ ಕಡಿಮೆಯಾಗುತ್ತ ಬಂದು ನಿಂತೇ ಹೋಯಿತು. ಹುಳು ಜ್ವರಕ್ಕೆ ಕೂತ ಮನೆಯ ಹಾಗೆ ಆಗಿದೆ ನೋಡಿ ಎಂದು ಪದ್ಮ ಒಮ್ಮೆ ಹೇಳಿದಳು. ರೇಷ್ಮೆಹುಳು ಪೊರೆ ಕಳಚುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಸುಮ್ಮನಾಗುವುದಕ್ಕೆ ನಮ್ಮವರು ಜ್ವರ ಎನ್ನುತ್ತಾರೆ. ನನಗೆ ಮಾತ್ರ ಕಾಯ್ದೆ ಕೆಲಸ ಮಾಡುತ್ತಿದೆ ಎನ್ನಿಸಿತು. ಅವ್ವ ತಪ್ಪಾಡುವುದು ಪೂರ್ತಿ ನಿಂತಿತ್ತು. ಬೇರೆ ಯಾರೂ ಸಿಕ್ಕಿಬೀಳದ್ದರಿಂದ ಬೇಸನ್ನು ಮಾತ್ರ ಅವಳ ಬಳಿಯೇ ಉಳಿದಿತ್ತು. ಒಂದೇ ಕೊರತೆ ಎಂದರೆ ಸಾರಿನಲ್ಲಿ ಸಿಪ್ಪೆ ಸಿಗತೊಡಗಿದ್ದು. ಬಿಡಿಸಿದ ಬೇಳೆಯ ಜತೆಗೇ ಸಿಪ್ಪೆಯೂ ಹಿತಕದ ಇಡೀ ಕಾಳೂ ಸೇರಿರುತ್ತಿದ್ದವು. "ಏನವ್ವ, ಒಸಿ ನೋಡ್ಕೊಂಡು ಹಿತಕಬಾರದಾ?" ಎಂದು ನಾನು ಗೊಣಗಿದ್ದೂ ಉಂಟು. ಅವಳು ತಲೆ ತಗ್ಗಿಸಿ ಹೂಂ ಎಂದಿದ್ದಳು.

ಅವರೆಕಾಯಿಯ ಭರಾಟೆ ಇಳಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕಾರ್ಖಾನೆಗೆ ಹೊರಟವನು ಕನ್ನಡಕ ಮರೆತು ಅರ್ಧ ದಾರಿಯಿಂದ ವಾಪಸು ಬಂದೆ. ಜಗಲಿಯ ಮೇಲೆ ಅವ್ವ, ಎದುರಿಗೆ ಬುಟ್ಟಿ ಇಳಿಸಿಕೊಂಡು ಸೊಪ್ಪು ಮಾರುವ ಪುಟ್ಟತಾಯಮ್ಮ. ಹೂವಿನ ಗಿಡದ ಮರೆಯಲ್ಲಿ ನಾನು ಅವರಿಗೆ ಕಾಣುತ್ತಿರಲಿಲ್ಲ. ಅವ್ವ ಮಾತಾಡುತ್ತಿದ್ದಳು. ಬಹಳ ದಿನದ ಮೇಲೆ ಆ ಸದ್ದು ಕೇಳಿ ನನಗೆ ಖುಷಿಯೇ ಆಯಿತು, ಮಾತಿನ ಅರ್ಥ ತಲೆಗೆ ಹೋಗುವವರೆಗೆ.

"ಆಪರೇಸನ್ ಮಾಡ್ಬೇಕು, ಲೇಟ್ ಮಾಡ್ಬ್ಯಾಡಿ ಅಂದಿದ್ರು ಡಾಕುಟ್ರು. ಡೇಟೂ ಕೊಟ್ಟಿದ್ರು. ಅದೂ ಕಳ್ದೋಯ್ತು" ಎಂದಳು ಅವ್ವ.

"ಮಗಂಗೆ ಯೋಳ್ನಿಲ್ವಾ?" ಎಂದಳು ಪುಟ್ಟತಾಯಮ್ಮ.

"ಯೋಳಾನ ಅಂತ್ಲೇ ಹೋದೆ. ಕ್ಯಾಂಪು ಅನ್ನೋದ್ರೊಳಗೆ ಬೇಸನ್ ಬಂತು. ಇನ್ನು ಡಾಕುಟ್ರು, ಟೆಸ್ಟು, ಆಪರೇಸನ್ನು ಅಂತ ಎಲ್ಲಾ ಯೋಳಿದ್ರೆ? ಅಷ್ಟು ಕಾಳು ಹಿತಕೋಕೆ ಕಣ್ ಕಾಣ್ಬೇಕಲ್ಲವ್ವ ನಂಗೆ."

ಇಬ್ಬರೂ ನಕ್ಕರು. ನಾನು ಗಿಡದ ಮರೆಯಲ್ಲಿ ನಿಂತೇ ಇದ್ದೆ. ಸಾರಿನಲ್ಲಿ ಸಿಪ್ಪೆ ಯಾಕೆ ಇರುತ್ತಿತ್ತು ಎಂದು ಆಗ ಗೊತ್ತಾಯಿತು.

ಅವತ್ತು ಕಾರ್ಖಾನೆಗೆ ಹೋಗಲಿಲ್ಲ. ಅವ್ವನನ್ನು ರಾಮನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ಪೊರೆ ಗಟ್ಟಿಯಾಗಿದೆ, ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಡಾಕ್ಟರು ನನ್ನನ್ನೇ ಕೇಳಿದರು. ನಮ್ಮ ಮನೆಯಲ್ಲೊಂದು ಭಾಷಾ ಕಾಯ್ದೆ ಇದೆ ಎಂದು ಹೇಗೆ ಹೇಳಲಿ? ಕೆಲಸದ ಒತ್ತಡ ಎಂದೆ. ಆಪರೇಷನ್ನು ನಡೆಯುವಾಗ ಹೊರಗೆ ಬೆಂಚಿನ ಮೇಲೆ ಕೂತವನಿಗೆ, ಅವತ್ತು ಊಟದ ಹೊತ್ತಿನಲ್ಲಿ ಆ ಮೇಡಂ ಹೇಳಿದ ಉಳಿದರ್ಧ ತಾನಾಗಿ ನೆನಪಾಯಿತು. ಕಿವಿಗೆ ಹಾಕಿಕೊಳ್ಳದ್ದೂ ಎಲ್ಲೋ ಒಳಗೆ ಬಿದ್ದಿರುತ್ತದೆ. ಆಕೆಯ ಅಜ್ಜಿಯ ಊರಿನಲ್ಲಿ ಬೇರೆಯದೇ ಒಂದು ಭಾಷೆ ಇತ್ತಂತೆ. ಶಾಲೆಯಲ್ಲಿ ಅದನ್ನಾಡಿದ ಮಗುವಿನ ಕುತ್ತಿಗೆಗೆ ಒಂದು ಮರದ ತುಂಡು ನೇತುಹಾಕುತ್ತಿದ್ದರಂತೆ. ಇನ್ನೊಂದು ಮಗು ಸಿಕ್ಕಿಬೀಳುವ ತನಕ ಅದು ಅಲ್ಲೇ ಇರಬೇಕು. ಅಜ್ಜಿ ದೊಡ್ಡವಳಾದ ಮೇಲೆ ಮಕ್ಕಳಿಗೂ ಮೊಮ್ಮಕ್ಕಳಿಗೂ ಆ ಭಾಷೆಯ ಒಂದು ಪದ ಹೇಳಿಕೊಡಲಿಲ್ಲ. ಕಾನೂನು ನಮಗೆ ಬೇಕಿತ್ತು, ಆದರೆ ನನ್ನ ಅಜ್ಜಿ ಏನು ಮಾತಾಡುತ್ತಿದ್ದಳೋ ನನಗೆ ಗೊತ್ತಿಲ್ಲ ಎಂದು ಮೇಡಂ ನಮ್ಮ ಬುಗುರಿಯೊಂದನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ್ದರು. ಅಷ್ಟು ದೂರದಿಂದ ಬಂದು ಹೇಳಿದ ಮಾತಿನಲ್ಲಿ ನನಗೆ ಬೇಕಾದ್ದನ್ನಷ್ಟೇ ತೆಗೆದುಕೊಂಡು ಬಂದಿದ್ದೆ. ನನ್ನ ಮನೆಯಲ್ಲಿ ಮರದ ತುಂಡಿನ ಬದಲು ಬೇಸನ್ನು, ಅಷ್ಟೇ ವ್ಯತ್ಯಾಸ.

ಕಣ್ಣು ಸರಿಹೋಯಿತು. ಕಪ್ಪು ಕನ್ನಡಕ ಹಾಕಿಕೊಂಡು ಅವ್ವ ಮನೆಗೆ ಬಂದ ದಿನವೇ ಕಾಯ್ದೆ ರದ್ದು ಎಂದು ಎಲ್ಲರೆದುರು ಸಾರಿದೆ. ಬೇಸನ್ನನ್ನು ಅಟ್ಟಕ್ಕೆ ಹಾಕಿಸಿದೆ. "ಅವ್ವ, ಇನ್ನು ಮುಂದೆ ಏನು ಬೇಕಾದರೂ ಮಾತಾಡು, ಆಪರೇಷನ್ನು ಹೇಗಾಯಿತು ಹೇಳು" ಎಂದು ಪಕ್ಕದಲ್ಲಿ ಕೂತು ದುಂಬಾಲುಬಿದ್ದೆ. ಅವಳು ನನ್ನ ತಲೆ ಸವರಿ, "ಚೆನ್ನಾಗಾಯ್ತು ಕಣಪ್ಪ" ಎಂದಳು. ಅದರಲ್ಲಿ ಹುಡುಕಿದರೂ ಒಂದು ತಪ್ಪು ಪದ ಇರಲಿಲ್ಲ. ಅವಳಿಗೆ ನನ್ನ ಮೇಲೆ ಸಿಟ್ಟೇನೂ ಇಲ್ಲ, ಅದೇ ನನಗೆ ಸಂಕಟ. ಮಗ ಓದಿದವನು, ಅವನ ಮುಂದೆ ನೋಡಿಕೊಂಡು ಮಾತಾಡಬೇಕು ಎಂದು ಮಾತ್ರ ಅವಳು ಕಲಿತುಬಿಟ್ಟಿದ್ದಾಳೆ. ಕಾಯ್ದೆಯನ್ನು ರದ್ದು ಮಾಡಬಹುದು, ಕಲಿತದ್ದನ್ನು ರದ್ದು ಮಾಡುವ ಅಧಿಕಾರ ನನಗಿಲ್ಲ.

ಹಾಗಾಗಿ ಈಗ ಕೆಲಸದಿಂದ ಬಂದವನು ನೇರ ಒಳಗೆ ಹೋಗುವುದಿಲ್ಲ. ಗೇಟಿನ ಬಳಿ ಹೂವಿನ ಗಿಡದ ಮರೆಯಲ್ಲಿ, ಚಪ್ಪಲಿಗೆ ಸಿಕ್ಕ ಕಲ್ಲು ತೆಗೆಯುವವನ ಹಾಗೆ ಬಗ್ಗಿ ನಿಂತಿರುತ್ತೇನೆ. ಹಾದುಹೋಗುವವರಿಗೆ ನನ್ನ ಚಪ್ಪಲಿಯ ಬಗ್ಗೆ ಅನುಮಾನ ಬಂದಿದೆ. ಪುಟ್ಟತಾಯಮ್ಮ ಉಳಿದ ಸೊಪ್ಪು ಮಾರಿಕೊಂಡು ಸಂಜೆಯೂ ಬರುತ್ತಾಳೆ. ಅವ್ವ ಅವಳಿಗೆ ಅಂದಿನ ವರದಿಯನ್ನು ಪೂರ್ತಿ ಒಪ್ಪಿಸುತ್ತಾಳೆ, ಬಸ್ಸು, ಟೇಮು, ಕರೆಂಟು ಎಲ್ಲ ಸೇರಿಸಿ. ಈಗ ಅರ್ಧ ಕೇಳಿ ಅರ್ಧ ಬಿಡುವುದಿಲ್ಲ. ಪೂರ್ತಿ ಕೇಳುತ್ತೇನೆ.

ನಿನ್ನೆ ಹಾಗೆ ನಿಂತಿದ್ದಾಗ ಪುಟ್ಟತಾಯಮ್ಮ, "ಗಿಡದ ತಾವ ಯಾರೋ ನಿಂತಂಗೈತಲ್ಲವ್ವ" ಎಂದಳು.

ಹೊಸ ಕಣ್ಣಿನಲ್ಲಿ ಅವ್ವನಿಗೆ ಈಗ ಬೀದಿಯ ಆ ತುದಿಯೂ ಕಾಣುತ್ತದೆ. "ಇನ್ಯಾರು, ನಮ್ ಪೊಲೀಸ್ನೋರು ಕಣವ್ವ. ಡೂಟಿ ಮುಗುಸ್ಕಂಡು ಬಂದವ್ರೆ" ಎಂದಳು.

ಒಂದೇ ಉಸಿರಿನಲ್ಲಿ ಎರಡು ಅಪರಾಧ, ಅದೂ ನನ್ನ ಮೇಲೆಯೇ. ಎಷ್ಟೋ ದಿನದ ಮೇಲೆ ನನ್ನ ಕುರಿತು ಅವ್ವ ಆಡಿದ ಮಾತು. ಇನ್ನೇನಾದರೂ ಹೇಳಿಯಾಳೆಂದು ಲಗುಬಗೆಯಿಂದ ಚಪ್ಪಲಿ ಬಿಟ್ಟು ಜಗಲಿ ಹತ್ತಿದೆ. ಅಷ್ಟರಲ್ಲಿ ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದಳು.

"ಬಂದ್ಯಾ ಮಗ? ಊಟ ಮಾಡು ನಡಿ" ಎಂದಳು, ಅಪ್ಪಟ ಕನ್ನಡದಲ್ಲಿ.