ಕೈಗೆ ಸಿಗೋ ಸರಕು, ಕೈಗೆ ಸಿಗಲಾರದ ಸರಕು

ಇಳಕಲ್ ಬಸ್ ಸ್ಟ್ಯಾಂಡಿನ ಹಿಂದ ನಂದೊಂದು ಪಾರ್ಸಲ್ ಮತ್ತ ಝೆರಾಕ್ಸ್ ಅಂಗಡಿ ಐತಿ. ನಮ್ಮ ಅಬ್ಬಾ ಇದ್ದಾಗ ಅಲ್ಲೇ ಸೈಕಲ್ ರಿಪೇರಿ ನಡೀತಿತ್ತು. ಅಂಗಡಿ ಬದಲಾತು, ಬರೋ ಮಂದಿ ಬದಲಾಗಲಿಲ್ಲ. ದಿನಾ ಏನರ ಒಂದು ಆಗಲಿಲ್ಲ ಅಂದ್ರ ಅವತ್ತು ಸೂಟಿ ಇರ್ಬೇಕು ಅಂತ ತಿಳ್ಕೋರಿ. ನಾ ಸ್ವಲ್ಪ ಸಿಟ್ಟಿನ ಮನಷ್ಯಾ. ಅಂಗಡ್ಯಾಗ ಒದರ್ತೇನಿ, ಮನಿಗಿ ಹೋಗಿ ನೆನಸ್ಕೊಂಡು ನಗ್ತೇನಿ. ಈಗ ಹೇಳೋವೆಲ್ಲಾ ಒಬ್ಬಾಕೀದ ಸುದ್ದಿ. ನಮ್ಮ ಓಣಿ ಕಸೂತಿ ಅವ್ವಾರದು.

೧. ರೀಚಾರ್ಜ್

ಅವ್ವಾರು ಇಳಕಲ್ ಸೀರಿ ಮ್ಯಾಲ ಸೂಜಿಲೆ ನವಿಲು, ಆನಿ, ತುಳಸಿಕಟ್ಟಿ ಮೂಡಸ್ತಾರ. ಪೆನ್ಸಿಲ್ಲಿಲೆ ಗೆರಿ ಹೊಡ್ಯಂಗಿಲ್ಲ, ಗಂಟು ಹಾಕಂಗಿಲ್ಲ. ಬಟ್ಟಿ ಎಳಿ ಎಣಿಸಿ ಎಣಿಸಿ ಹಾಕೋದು. ಮಗ್ಗಲಾ ಹೊಳ್ಳಿಸಿದ್ರ ಹಿಂದೂ ಅದ ನವಿಲು, ಮುಂದೂ ಅದ ನವಿಲು. ಒಂದು ಸೀರಿಗೆ ಎರಡು ತಿಂಗಳು ಬೇಕು.

ಹಿಂತಾ ಕೈಯವರಿಗೆ ಬಾಗಲಕೋಟಿ ನವನಗರದ ಕಣ್ಣಿನ ಡಾಕ್ಟರು ಹೇಳಿಬಿಟ್ರು, "ಕಣ್ಣಾಗ ಪೊರಿ ಬಂದೈತ್ರಿ. ಆಪರೇಷನ್ ಆಗಬೇಕು. ಆದಮ್ಯಾಲೂ ಇಷ್ಟು ಸಣ್ಣ ಕೆಲಸ ದಿನಗಟ್ಲೆ ಮಾಡಬ್ಯಾಡ್ರಿ."

ಸೊಸಿ ಗುಡೂರಿನಾಕಿ, ಬಿ.ಕಾಂ. ಓದ್ಯಾಳ, ಭಾಳ ಚುರುಕು. ಅತ್ತಿನ್ನ ಕರಕೊಂಡು ನನ್ನ ಅಂಗಡಿಗೆ ಬಂದ್ಲು. "ಅಣ್ಣಾರ, ಆನ್‌ಲೈನ್ ಅಂಗಡಿ ತಗೀತೀವ್ರಿ. ಸೀರಿ ಮಾರೋದೋ, ಇಲ್ಲಾ ಕಸೂತಿ ನಮೂನಿ ಬರದು ಫೈಲ್ ಮಾಡಿ ಮಾರೋದೋ, ಅದೊಂದು ತೀರ್ಮಾನ ಆಗಬೇಕ್ರಿ. ಫೈಲಾದ್ರ ಅತ್ತೀ ಕಣ್ಣಿಗೆ ತ್ರಾಸಿಲ್ಲ."

"ಕೈಗೆ ಸಿಗಲಾರದ್ದಕ್ಕ ಯಾರವಾ ರೊಕ್ಕ ಕೊಡ್ತಾರ?" ಅಂದ್ರು ಅವ್ವಾರು.

"ತಿಂಗಳಾ ಮೊಬೈಲಿಗೆ ರೀಚಾರ್ಜ್ ಹಾಕಸ್ತೀರಲ್ಲಾ ಅತ್ತಿ, ಅದು ಕೈಗೆ ಸಿಗ್ತೈತೇನ್ರಿ?"

ಅವ್ವಾರು ಸೊಂಟದಾಗಿನ ಮೊಬೈಲ್ ತಗದು ನೋಡಿದ್ರು. "ಇಲ್ಲ ನೋಡವಾ. ಅದಕ್ಕ ಅದು ತೀರಿದ್ದ ತಿಳ್ಯಂಗಿಲ್ಲ!"

೨. ಪಾರ್ಸಲ್ಲಿನಾಗ ಏನೈತಿ?

ಮೊದ್ಲ ಸೀರೀನ ಮಾರೋಣು ಅಂತ ಆತು. ಪೆಟ್ಟಿಗ್ಯಾಗ ನಾಕ ಸೀರಿ ಇದ್ದುವು. ಒಂದನ್ನ ಪುಣೆದವರು ತಗೊಂಡ್ರು. ಅವ್ವಾರು ತಾವ ಪ್ಯಾಕ್ ಮಾಡಿ, ದಾರ ಸುತ್ತಿ ತಂದ್ರು. ತಕ್ಕಡಿ ಮ್ಯಾಲ ಇಟ್ರ ಒಂದು ಸೀರಿ ಮೂರು ಸೀರಿಯಷ್ಟು ತೂಗಾಕತ್ತಿತು.

"ಅವ್ವಾರ, ಇದ್ರಾಗ ಏನ್ ಹಾಕೀರಿ?"

"ಸೀರಿನಪಾ."

ಬಿಚ್ಚಿ ನೋಡ್ತೇನಿ, ಸೀರಿ ನಡುವ ಒಂದು ತೆಂಗಿನಕಾಯಿ, ಬೊಗಸಿ ಅಕ್ಕಿ, ಐದು ಉತ್ತತ್ತಿ, ಐದು ಅಡಿಕಿ, ಅರಿಷಿಣದ ಕೊಂಬು! ನನಗ ಸಿಟ್ಟು ನೆತ್ತಿಗೇರ್ತು. "ಇದು ಪಾರ್ಸಲ್ಲೋ, ಸೀಮಂತವೋ? ಕಾಯಿ ತಗೀರಿ ಮೊದಲ!"

ಅವ್ವಾರು ನನಗಿಂತ ಜೋರು ಅದಾರ. "ಏ ತಮ್ಮಾ, ಹೆಣ್ಣಮಗಳಿಗೆ ಸೀರಿ ಕೊಡಾಕತ್ತೀವಿ. ಉಡಿ ತುಂಬಲಾರದ ಬರೇ ಸೀರಿ ಕೊಡ್ತಾರೇನು? ನಿಮ್ಮ ಅವ್ವ ಇದ್ದಿದ್ರ ನಿನ್ನ ಕಿವಿ ಹಿಂಡ್ತಿದ್ಲು ನೋಡು."

ಖರೆ ಹೇಳ್ತೇನಿ, ಹಿಂಡ್ತಿದ್ಲು. ಸುಮ್ಮ ಕಾಯಿ ಸಮೇತ ಕಳಿಸಿದೆ. ಎಂಟು ದಿನಕ್ಕ ಪುಣೆಯಾಕಿ ಬರದ್ಲು, ಸೀರಿ ನೋಡಿ ಖುಷಿ ಆತು, ಉಡಿ ನೋಡಿ ಕಣ್ಣಾಗ ನೀರು ಬಂತು, ತವರುಮನಿ ನೆನಪಾತು ಅಂತ. ಅವ್ವಾರಿಗೆ ಅದನ್ನ ಎರಡು ಸಲ ಓದಿ ಹೇಳಿದೆ. ಕೆಳಗ ಆಕಿ ಗಂಡ ಬ್ಯಾರೆ ಬರದಿದ್ದ, "ಇನ್ನೊಂದು ಸೀರಿ ಸಾವಕಾಶ ಕಳಸ್ರಿ. ಕಾಯಿ ಮಾತ್ರ ಇಷ್ಟ ದೊಡ್ಡದು ಇರ್ಲಿ."

೩. ಒಂದ ನವಿಲು, ಹನ್ನೆರಡು ಮಂದಿ

ನಾಕೂ ಸೀರಿ ಖಾಲಿ ಆದುವು. ಹೊಸಾದು ಹಾಕಾಕ ಕಣ್ಣು ಸಾಥ್ ಕೊಡವಲ್ದು. ಸೊಸಿ ಚೌಕಳಿ ಹಾಳಿ ಹಿಡಕೊಂಡು ಕುಂತ್ಲು, ಅವ್ವಾರು ಕಣ್ಣು ಮುಚ್ಚಿ ಎಳಿ ಲೆಕ್ಕ ಹೇಳಿದ್ರು. ಒಂದಕ್ಷರ ಎಲ್ಲೂ ಬರದಿಟ್ಟಿಲ್ಲ, ಎಲ್ಲಾ ತಲ್ಯಾಗ. ಹಾಳಿ ಮ್ಯಾಲ ನವಿಲು ಮೂಡ್ತು. ಸ್ಕ್ಯಾನ್ ಮಾಡಿ ಮಾರಾಕಿಟ್ವಿ. ವಾರದಾಗ ಹನ್ನೆರಡು ಮಂದಿ ತಗೊಂಡ್ರು.

"ಇನ್ನ ಎಷ್ಟು ಉಳದಾವು?" ಅಂತ ಕೇಳಿದ್ರು ಅವ್ವಾರು.

"ಉಳಿಯೋದೇನ್ರಿ, ಇದು ತೀರಂಗಿಲ್ಲ. ಅದ ಫೈಲ್ ಎಷ್ಟು ಮಂದಿಗಿ ಬೇಕಾದ್ರೂ ಮಾರಬಹುದು," ಅಂದೆ ನಾ.

ಅವ್ವಾರ ಮಾರಿ ಸಣ್ಣದಾತು. "ಒಂದ ನವಿಲು ಹನ್ನೆರಡು ಮಂದಿಗಿ ಮಾರಿದ್ಯಾ? ಇದು ಮೋಸ ಅಲ್ಲೇನೋ! ನಾ ಹುಟ್ಟಿದಾಗಿಂದ ಒಂದರಂಗ ಇನ್ನೊಂದು ನವಿಲು ಹಾಕಿಲ್ಲ."

ಎಷ್ಟು ತಿಳಿಸಿ ಹೇಳಿದ್ರೂ ಕೇಳಲಿಲ್ಲ. ಮರುದಿನದಿಂದ ಒಬ್ಬೊಬ್ಬರಿಗೆ ಒಂದೊಂದು ನವಿಲು. ಒಬ್ಬಾಕಿಗೆ ಗರಿ ಒಂದು ಹೆಚ್ಚು, ಇನ್ನೊಬ್ಬಾಕಿಗೆ ಜುಟ್ಟು ಸ್ವಲ್ಪ ಬಗ್ಗಿದ್ದು, ಮತ್ತೊಬ್ಬಾಕಿಗೆ ಕಾಲ ಬುಡಕ ಸಣ್ಣ ಮರಿ. ಅವ್ವಾರು ಹೇಳೋದು, ಸೊಸಿ ಬರಿಯೋದು, ನಾ ಸ್ಕ್ಯಾನ್ ಮಾಡೋದು. ಇಡೀ ದೇಶದಾಗ ಡಿಜಿಟಲ್ ಸರಕನ್ನ ಒಂದೊಂದ ಕೈಲೆ ತಯಾರ್ ಮಾಡೋ ಕಾರ್ಖಾನಿ ನಮ್ದೊಂದ ಇರ್ಬೇಕು. ಹತ್ತನೇ ನವಿಲಿಗೆ ಸೊಸಿ ಪೆನ್ಸಿಲ್ ಒಗದು ಕೈ ಮುಗದ್ಲು.

"ಅತ್ತಿ, ನಿಮ್ಮ ಫೈಲಿಗಿಂತ ಸೀರಿನ ಲಗೂ ಆಗ್ತೈತ್ರಿ!"

೪. ಪಟ್ಟಿ ಕಟ್ಟಿದ ದಿನ

ಫೈಲ್ ತಗೊಂಡವರೆಲ್ಲಾ ಫೋನ್ ಹಚ್ಚಾಕತ್ರು. ಗಂಟು ಎಲ್ಲಿ ಹಾಕೋದು, ಸೂಜಿ ಎಲ್ಲಿಂದ ತಿರುವೋದು, ಹಿಂದಿನ ಮಗ್ಗಲ ಯಾಕ ಹೊಲಸ ಕಾಣ್ತೈತಿ ಅಂತ. ಒಬ್ಬರಿಗೂ ನವಿಲು ಬರಲಿಲ್ಲ. ಅವ್ವಾರು ಅಂಗಡಿ ಮುಂದ ಸ್ಟೂಲಿನ ಮ್ಯಾಲ ಕುಂತ್ರು.

"ಸೀರಿ ಹಾಕಾಕ ಕಣ್ಣಿಲ್ಲ. ಹಾಳಿ ಕೊಟ್ರ ಯಾರಿಗೂ ತಿಳಿವಲ್ದು. ಇದು ನನ್ನ ಜೋಡಿನ ಹೋಗ್ತೈತೋ ತಮ್ಮಾ."

ನನಗ ಭಾಳ ಕೆಟ್ಟನಿಸ್ತು. ನಾ ಒದರಾವ ಹೊರ್ತು ಸಮಾಧಾನ ಹೇಳಾವ ಅಲ್ಲ. ಆದ್ರ ಸೊಸಿ ಹೇಳಿದ್ಲು, "ಸೀರೀನೂ ಬ್ಯಾಡ, ಹಾಳೀನೂ ಬ್ಯಾಡ. ವಿಡಿಯೋ ಕಾಲ್ ಹಚ್ಚಿ ಕಲಿಸ್ರಿ ಅತ್ತಿ." ಒಂಬತ್ತು ಮಂದಿ ಹೆಸರು ಹಚ್ಚಿದ್ರು. ಅವರಾಗ ಒಬ್ರು ಹುನಗುಂದ ಕೋರ್ಟಿನ ವಕೀಲರು, ಹೆಣ್ಣಮಗಳು. ಮಾತಿನಾಗ ಯಾರಿಗೂ ಸೋಲೋರಲ್ಲ.

ಮೂರು ಕ್ಲಾಸ್ ಚಂದ ಆದುವು. ನಾಕನೇದಕ್ಕ ಮುಂಚೆ ಆಪರೇಷನ್ ಆತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕ ಮೊದ್ಲಿಂದ ಮಂಜು, ಮ್ಯಾಲೊಂದು ಕರೀ ಚಸ್ಮಾ. ಮೊಬೈಲ್ ನೋಡಲೇಬ್ಯಾಡ್ರಿ ಅಂದಿದ್ರು ಡಾಕ್ಟರು. ಕ್ಲಾಸ್ ಇಲ್ಲ ಅಂತ ತಿಳಿಸೋಣು ಅಂತ ನಾ ಅವರ ಮನಿಗಿ ಹೋದ್ರ, ಅವ್ವಾರು ಗ್ವಾಡಿಗೆ ಒರಗಿ ತಯಾರಾಗಿ ಕುಂತಿದ್ರು.

"ನೋಡಬ್ಯಾಡ ಅಂದಾರ. ಕಲಿಸಬ್ಯಾಡ ಅಂದಿಲ್ಲ. ಹಚ್ಚು ಫೋನು."

"ನೋಡಲಾರದ ಹೆಂಗ ಕಲಸ್ತೀರಿ?"

ನಾ ಫೋನ್ ಹಚ್ಚಿ ಮುಂದ ಹಿಡದೆ. "ಎಲ್ಲಾರೂ ಸೂಜಿ ಹಾಕ್ಕೋತ ಬಾಯಿ ತಗದು ಎಣಸ್ರವಾ," ಅಂದ್ರು ಅವ್ವಾರು ಕಲಿಯೋರಿಗೆ. ಒಬ್ಬೊಬ್ಬರ ಸುರು ಮಾಡಿದ್ರು. ನಾಕ ಎಳಿ ಮ್ಯಾಲ, ನಾಕ ಎಳಿ ಕೆಳಗ. ಎರಡನೇದಾಕಿ ಎಣಸೂಮುಂದ ಅವ್ವಾರು ಕೈ ಎತ್ತಿದ್ರು. "ತಡಿ. ಅಲ್ಲೆ ಉಸರು ಹಿಡದಿ. ಎಳಿ ತಪ್ಪೇತಿ, ನೋಡು." ಆಕಿ ನೋಡಿದ್ಲು, ಒಂದ ಎಳಿ ಖರೇನ ತಪ್ಪಿತ್ತು! ನಾ ಎರಡೂ ಕಣ್ಣು ತಗದು ನೋಡಿದ್ರೂ ನನಗ ಏನೂ ಕಂಡಿರಲಿಲ್ಲ.

ಕಡೀಕ ವಕೀಲರ ಪಾಳಿ. ಅವರ ಕ್ಯಾಮೆರಾ ಬಂದ್ ಇತ್ತು, ದನಿ ಮಾತ್ರ ಕೇಳತಿತ್ತು. ನಾಕ ಮ್ಯಾಲ, ನಾಕ ಕೆಳಗ, ನಾಕ ಮ್ಯಾಲ, ಒಂದೂ ತಪ್ಪಿಲ್ಲ, ಒಂದೂ ತಡ ಇಲ್ಲ. ನಾ ಮನಸಿನಾಗ ಶಾಬಾಸ್ ಅಂದೆ.

"ವಕೀಲರ," ಅಂದ್ರು ಅವ್ವಾರು, "ಎಣಿಕಿ ಬರೋಬರಿ ಐತಿ. ಆದ್ರ ನಿಮ್ಮ ಕೈಯಾಗ ಸೂಜಿನ ಇಲ್ಲ."

"ಐತ್ರಿ ಅವ್ವಾರ, ಹಾಕಾಕತ್ತೇನ್ರಿ!"

"ಹಾಕಾಕತ್ತಿದ್ರ ನಡುವ ದಾರ ಎಳ್ಯಾಕ ಹೊತ್ತು ಬೇಕವಾ. ನೀವು ಮಗ್ಗಿ ಹೇಳಿದಂಗ ಹೇಳಾಕತ್ತೀರಿ."

ವಕೀಲರು ಬಿಡ್ತಾರೇನು? "ಅವ್ವಾರ, ನಿಮ್ಮ ಕಣ್ಣಿಗೆ ಪಟ್ಟಿ ಐತಿ. ನನ್ನ ಕ್ಯಾಮೆರಾ ಬಂದ್ ಐತಿ. ನಾ ಸೂಜಿ ಹಿಡದಿಲ್ಲ ಅನ್ನಾಕ ಸಾಕ್ಷಿ ಏನ್ರಿ?"

ಅವ್ವಾರು ಚಸ್ಮಾ ಸರಿ ಮಾಡ್ಕೊಂಡ್ರು.

"ಪಟ್ಟಿ ಕಣ್ಣಿಗೆ ಕಟ್ಯಾರವಾ, ಕಿವಿಗಲ್ಲ. ನಿಮ್ಮ ಕುಕ್ಕರ್ ಆವಾಗಿಂದ ಸಾಕ್ಷಿ ಹೇಳಾಕತ್ತೈತಿ. ಇದು ಐದನೇ ಸೀಟಿ. ಮೊದ್ಲ ಹೋಗಿ ಬ್ಯಾಳಿ ಇಳಿಸ್ರಿ!"